ಲಾರಿಯ ಬಣ್ಣವೂ ಕ್ಲೀನರನ ಕೂಲಿಯೂ

ಬೆಳಗಿನ ಜಾವ ವಾಶಿಯ ಸಗಟು ಪೇಟೆಯಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿಗಳನ್ನು ಕಾಣದ ಮುಂಬಯಿ ಕನ್ನಡಿಗರು ವಿರಳ. ನಮ್ಮ ಹೋಟೆಲುಗಳ ನೀರುಳ್ಳಿ, ಬಟಾಟೆ, ಅಕ್ಕಿ, ಬೇಳೆಗಳೆಲ್ಲ ಅವುಗಳ ಬೆನ್ನೇರಿಯೇ ಬರತಕ್ಕವು. ರಸ್ತೆಗಿಳಿದ ದಿನ ಮದುಮಗಳಂತೆ ಶೋಭಿಸಿದ ಲಾರಿಯು ಕೆಲವೇ ಮಳೆಗಾಲಗಳಲ್ಲಿ ಬಣ್ಣ ಮಾಸಿ, ಬಾಗಿಲ ಬುಡದಲ್ಲಿ ತುಕ್ಕು ಹಿಡಿದು ಮುದಿಯಾಗುವುದನ್ನು ನಾವು ನಿತ್ಯವೂ ನೋಡುತ್ತಿದ್ದೇವೆ. ದುಡಿಯುವ ವಾಹನಕ್ಕೆ ಇದು ಸಹಜವೆಂದು ಮಾಲೀಕರು ಸಮಾಧಾನ ಹೇಳಿಕೊಳ್ಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಬಣ್ಣವು ಲಾರಿಗೆ ಬರಿಯ ಅಲಂಕಾರವಲ್ಲ. ಉಕ್ಕಿನ ತಗಡಿಗೆ ತೊಡಿಸಿದ ಕವಚ. ನೀರೂ ಗಾಳಿಯೂ ಉಕ್ಕನ್ನು ಮುಟ್ಟದಂತೆ ತಡೆಯುವುದೇ ಅದರ ಮೊದಲ ಕೆಲಸ. ಚಕ್ರದಿಂದ ಸಿಡಿದ ಜಲ್ಲಿಕಲ್ಲು ಸಾಸಿವೆಯಷ್ಟು ಬಣ್ಣವನ್ನು ಹಾರಿಸಿದರೂ ಸಾಕು, ತುಕ್ಕು ಅಲ್ಲಿಂದ ಒಳಹೊಕ್ಕು ಬಣ್ಣದ ಅಡಿಯಲ್ಲೇ ಹರಡುವುದು. ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ತಗಡು ಸವೆದಿರುವುದು. ಉಪ್ಪು ಸೇರಿದಲ್ಲಿ ಈ ಕೇಡಿಗೆ ಇನ್ನಷ್ಟು ವೇಗ. ಪನವೇಲಿನಿಂದ ನಮ್ಮ ಕರಾವಳಿಗೆ ಇಳಿಯುವ 66ನೆಯ ಹೆದ್ದಾರಿಯಲ್ಲಿ ಓಡುವ ಲಾರಿಗೆ ಕಡಲ ಗಾಳಿಯಿಂದ ಬಿಡುಗಡೆಯಿಲ್ಲ. ಮಲ್ಪೆಯಿಂದ ಮೀನು ಹೊತ್ತು ಬರುವ ಲಾರಿಯಲ್ಲಂತೂ ಕರಗಿದ ಮಂಜುಗಡ್ಡೆಯ ಉಪ್ಪುನೀರು ದಾರಿಯುದ್ದಕ್ಕೂ ಚಾಸಿಯ ಮೇಲೆಯೇ ತೊಟ್ಟಿಕ್ಕುತ್ತಿರುವುದು. ಬಿಸಿಲು ಬಣ್ಣವನ್ನು ಸುಣ್ಣದ ಹುಡಿಯಂತೆ ಸಡಿಲಿಸುವುದು. ಸಿಮೆಂಟಿನ ಹುಡಿ ತೇವ ತಗಲಿ ಗಟ್ಟಿಯಾಯಿತೆಂದರೆ ಬಣ್ಣವನ್ನೂ ಜೊತೆಗೆ ಕೀಳದೆ ಬಿಡದು.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆದ ಕೈಗಳಿಗೆ ಇದರ ಮರ್ಮ ತಿಳಿದೇ ಇದೆ. ಒಣಗಿದ ಎಂಜಲನ್ನು ಮೊದಲು ನೆನೆಸುವರಲ್ಲದೆ ಹಾಗೆಯೇ ಉಜ್ಜುವುದಿಲ್ಲ. ಲಾರಿಯ ಧೂಳನ್ನೂ ಒಣಬಟ್ಟೆಯಿಂದ ಒರೆಸಬಾರದು; ಅದರೊಳಗಿನ ಮರಳು ಬಣ್ಣವನ್ನು ಗೀರುವುದು. ನೆರಳಿನಲ್ಲಿ ನಿಲ್ಲಿಸಿ, ತಗಡು ತಣಿದ ಮೇಲೆ, ಚಾಸಿಯ ಮತ್ತು ಮಡ್‌ಗಾರ್ಡುಗಳ ಒಳಮೈಯ ಕೆಸರನ್ನು ಮೊದಲು ನೀರು ಬಿಟ್ಟು ಕಳಚಬೇಕು. ಅನಂತರ ಸೌಮ್ಯವಾದ ಸಾಬೂನು ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಸಾಬೂನಿಗೊಂದು, ಬಟ್ಟೆ ಜಾಲಿಸಲೊಂದು, ಹೀಗೆ ಎರಡು ಬಾಲ್ದಿಗಳಿರಬೇಕು. ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ಹೇಗೆ ಕೆಡಿಸುವುದೆಂಬುದನ್ನು ಕಂಡವರಿಗೆ, ಕಾಸ್ಟಿಕ್ ಸೋಡಾ ಲಾರಿಯ ಬಣ್ಣಕ್ಕೆ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಹೊಳಪಿಗೆಂದು ಡೀಸೆಲ್ ಒರೆಸುವುದೂ ತಪ್ಪು. ಆ ಹೊಳಪು ಸಂಜೆಯವರೆಗೆ, ಅದಕ್ಕಂಟಿದ ಧೂಳು ಮುಂದಿನ ತೊಳೆತದವರೆಗೆ. ತೊಳೆದು ಒಣಗಿಸಿ ಕೆಲವು ತಿಂಗಳಿಗೊಮ್ಮೆ ಮೇಣದ ಪಾಲಿಶ್ ಹಚ್ಚಿದರೆ ನೀರು ನಿಲ್ಲದೆ ಜಾರುವುದು. ಕಲ್ಲೇಟು ಬಿದ್ದೆಡೆಯನ್ನು ಎಮರಿ ಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಬಣ್ಣ ಕೊಟ್ಟರೆ ತುಕ್ಕಿಗೆ ಬಾಗಿಲು ಮುಚ್ಚಿದಂತೆ. ಆದರೆ ಲಾರಿಯನ್ನು ಹೊಳೆಗಿಳಿಸಿ ತೊಳೆಯುವ ಹಳೆಯ ಅಭ್ಯಾಸವನ್ನು ಬಿಡಲೇಬೇಕು. ಎಣ್ಣೆ ತೇಲುವ ಆ ನೀರನ್ನೇ ಕೆಳಗಿನ ಊರಿನವರು ಬಳಸತಕ್ಕವರು.

ಸ್ವಚ್ಛತೆಯು ಹಣದ ಉಳಿತಾಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಲಾರಿಯ ಹಿಂಬದಿಗೆ ಅಂಟಿಸಿದ ಕೆಂಪು ಪ್ರತಿಫಲಕ ಪಟ್ಟಿಯು ಇರುಳಿನಲ್ಲಿ ಹಿಂದಿನಿಂದ ಬರುವವನಿಗೆ ಎಚ್ಚರಿಕೆ ಕೊಡುವುದಕ್ಕಾಗಿ ಇದೆ. ಕೆಸರು ಮೆತ್ತಿದ ಪಟ್ಟಿ ಬೆಳಕನ್ನು ಮರಳಿಸದು. ಕೆಸರು ಮುಚ್ಚಿದ ದೀಪ ಇದ್ದೂ ಇಲ್ಲದಂತೆ. ರಜೆಗೆ ಊರಿಗೆ ಹೊರಟ ನಮ್ಮವರ ಬಸ್ಸು ಸರಿರಾತ್ರಿಯಲ್ಲಿ ಅಂಥ ಲಾರಿಯ ಬೆನ್ನ ಹಿಂದೆಯೇ ಇರಬಹುದು. ಒಂದು ಒದ್ದೆಬಟ್ಟೆ, ಎರಡು ನಿಮಿಷದ ಕೆಲಸ: ಎಷ್ಟು ಜೀವಗಳು ಇದನ್ನು ನಂಬಿಕೊಂಡಿವೆ!

ಹಾಗಾದರೆ ಈ ಕೆಲಸವನ್ನು ಮಾಡತಕ್ಕವರು ಯಾರು? ಹೋಟೆಲಿನಲ್ಲಿರುವಂತೆ ಲಾರಿಯಲ್ಲಿಯೂ ಅವನ ಹೆಸರು ಕ್ಲೀನರ್. ಹೆಸರಿನಲ್ಲಿಯೇ ಕೆಲಸವಿದೆ, ಆದರೆ ಆ ಕೆಲಸಕ್ಕೆ ಹೊತ್ತೂ ಇಲ್ಲ, ಕೂಲಿಯೂ ಇಲ್ಲ. ಮಾಲು ಹೇರುವಾಗ ಕಾವಲು, ಘಟ್ಟದಲ್ಲಿ ಚಕ್ರಕ್ಕೆ ಕಟ್ಟೆ, ರಾತ್ರಿ ಚಾಲಕನಿಗೆ ಜೊತೆ, ಇವೆಲ್ಲ ಮುಗಿದ ಮೇಲೆ ಅವನು ನಿದ್ದೆ ಬಿಟ್ಟು ಲಾರಿ ತೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಕ್ಲೀನರನನ್ನು ಹೆಸರಿಸಿಯೇ ಕಾರ್ಮಿಕರ ಸಾಲಿನಲ್ಲಿ ಸೇರಿಸಿತ್ತು; ವಾಹನ ಓಡದ ಹೊತ್ತಿನ ಕೆಲಸವನ್ನೂ ದುಡಿಮೆಯ ಗಂಟೆಗಳಲ್ಲಿ ಎಣಿಸಿತ್ತು. ಅದರ ಹಿಂದಿನ ನ್ಯಾಯವು ಇಂದಿಗೂ ಹಳೆಯದಾಗಿಲ್ಲ.

ಸಾರಿಗೆ ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ತಮ್ಮ ಪುಸ್ತಕವನ್ನೊಮ್ಮೆ ತಿರುವಿ ನೋಡಲಿ. ಡೀಸೆಲಿಗೊಂದು ಕಲಮು, ಟಯರಿಗೊಂದು ಕಲಮು, ಪಾಸಿಂಗಿನ ಮುನ್ನ ತುಕ್ಕಿನ ಮೇಲೆಯೇ ಬಳಿಯುವ ಬಣ್ಣಕ್ಕೂ ಒಂದು ಕಲಮು ಇರುವುದು. ತೊಳೆಯುವ ಕೈಗೆ ಮಾತ್ರ ಕಲಮಿಲ್ಲ. ಅದೊಂದನ್ನು ಸೇರಿಸುವಂತೆ ಅವರು ಯಜಮಾನರಿಗೆ ವಿನಯದಿಂದ ಸೂಚಿಸಲಿ. ವಾರದಲ್ಲಿ ಅರ್ಧ ದಿನದ ಬಿಡುವು, ಸಾಕಷ್ಟು ನೀರು, ಆ ಹೊತ್ತಿನ ಕೂಲಿ, ಇಷ್ಟನ್ನೇ ನಾವು ಕೇಳುವುದು. ಬಣ್ಣ ಉಳಿಯಬೇಕೆಂದು ಬಯಸುವ ಮಾಲೀಕನು ಅದನ್ನು ಉಳಿಸುವವನ ಕಡೆಗೂ ಕಣ್ಣೆತ್ತಿ ನೋಡಲಿ.