ಗೃಹಸಲಹೆ: ಮನೆಗೆ ಬಂದ ಹಾವು

ಅಮೆರಿಕದಲ್ಲಿ ನೆಲೆಸಿರುವ ಸೋದರಿಯೊಬ್ಬರು ವಿಚಿತ್ರವಾದ ಸಂಕಟವೊಂದನ್ನು ಬರೆದು ತಿಳಿಸಿರುವರು. ಹನ್ನೆರಡು ವರ್ಷದ ಮಗನ ಹಟಕ್ಕೆ ಸೋತು ‘ಕಾರ್ನ್ ಸ್ನೇಕ್’ ಎಂಬ ಹಾವಿನ ಮರಿಯನ್ನು ಕೊಂಡುತಂದರಂತೆ. ಹತ್ತು ದಿನಗಳಾದರೂ ಅದು ಆಹಾರವನ್ನು ಮುಟ್ಟಿಲ್ಲ. ಸಂಜೆ ಗೆಳೆಯರಿಗೆ ತೋರಿಸಲು ಹುಡುಗನು ಎತ್ತಿದರೆ ಬಾಲವನ್ನು ನಡುಗಿಸುತ್ತದೆ, ಕಚ್ಚಲು ಬರುತ್ತದೆ. ಸತ್ತೀತೆಂದು ಮಗನು ಅಳುವನು. ಅಂಗಡಿಗೆ ಹಿಂದಿರುಗಿಸಬೇಕೆಂದು ಯಜಮಾನರು ಹೇಳುವರು.

ಸೋದರಿಯೇ, ಹಿಂದಿರುಗಿಸಲು ಆತುರಪಡಬೇಡಿರಿ. ಈ ಹಾವು ಆ ದೇಶದ ಆಗ್ನೇಯ ಭಾಗದ್ದು; ವಿಷವಿಲ್ಲದ್ದು; ಬೆಳೆದಾಗ ಮೂರರಿಂದ ಐದು ಅಡಿ ಉದ್ದವಾಗುವುದು. ಅದು ಬಾಲವನ್ನು ನಡುಗಿಸುವುದು ಕೋಪದಿಂದಲ್ಲ, ಅಂಜಿಕೆಯಿಂದ. ಕಾಡಿನಲ್ಲಿ ಮೇಲಿನಿಂದ ಎರಗುವುದು ಹದ್ದು, ಗಿಡುಗ. ಮೇಲಿನಿಂದ ಇಳಿಯುವ ಕೈಯೂ ಅದಕ್ಕೆ ಹಾಗೆಯೇ ತೋರುವುದು. ಅಂಜಿದ ಪ್ರಾಣಿಗೆ ಹಸಿವೆಲ್ಲಿಯದು?

ಮೊದಲು ಒಂದು ವಾರ ಯಾರೂ ಅದನ್ನು ಮುಟ್ಟತಕ್ಕುದಲ್ಲ. ನೀರನ್ನು ಬದಲಿಸುವುದಕ್ಕಷ್ಟೇ ಕೈಯಿಡಿರಿ. ಪೆಟ್ಟಿಗೆಯ ಒಂದು ಕೊನೆ ಸುಮಾರು 85 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗೂ, ಇನ್ನೊಂದು 75 ಡಿಗ್ರಿಯಷ್ಟು ತಂಪಾಗಿಯೂ ಇರಲಿ. ಶಾಖವು ಮಿತಿಮೀರದಂತೆ ಥರ್ಮೋಸ್ಟಾಟ್ ಅವಶ್ಯಕ. ಎರಡು ಕೊನೆಗಳಲ್ಲಿಯೂ ಮೈ ತುಂಬ ಅಡಗುವಷ್ಟು ಇಕ್ಕಟ್ಟಾದ ಗೂಡುಗಳಿರಬೇಕು. ಒಂದೇ ಗೂಡಿದ್ದರೆ, ಬಚ್ಚಿಟ್ಟುಕೊಳ್ಳುವುದಕ್ಕಾಗಿ ಬೇಕಾದ ಶಾಖವನ್ನೇ ಅದು ಬಿಟ್ಟುಕೊಡುವುದು. ಶಾಖವಿಲ್ಲದೆ ಉಂಡದ್ದು ಜೀರ್ಣವಾಗದು.

ವಾರ ಕಳೆದ ಮೇಲೆ, ಮಂಜುಗಟ್ಟಿಸಿ ಮಾರುವ ಸತ್ತ ಇಲಿಮರಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಸಂಜೆ ಇಕ್ಕಳದಿಂದ ಗೂಡಿನ ಬಳಿ ಇಡಿರಿ. ಅದು ಹಾವಿನ ನಡುವಿನ ದಪ್ಪಕ್ಕಿಂತ ಬಹಳ ದೊಡ್ಡದಿರಬಾರದು. ಜೀವಂತ ಇಲಿ ಹಾವನ್ನೇ ಕಚ್ಚಬಹುದು. ಬೆಳಗಾದರೂ ತಿನ್ನದಿದ್ದರೆ ತೆಗೆದುಹಾಕಿ, ಐದಾರು ದಿನ ಬಿಟ್ಟು ಪುನಃ ಯತ್ನಿಸಿರಿ. ಆರೋಗ್ಯವಾದ ಹಾವು ಕೆಲವು ದಿನಗಳ ಉಪವಾಸಕ್ಕೆ ಸಾಯದು. ಆದರೆ ಮೈ ಸೊರಗಿದರೆ, ಬಾಯಿ ತೆರೆದು ಉಸಿರಾಡಿದರೆ, ಸರ್ಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಲು ತಡಮಾಡಬೇಡಿರಿ.

ಎರಡು ಮೂರು ಸಲ ಉಂಡ ಮೇಲೆಯೇ ಎತ್ತುವ ಅಭ್ಯಾಸ. ಕೈತೊಳೆದು, ಪಕ್ಕದಿಂದ ನಿಧಾನವಾಗಿ ಕೈಚಾಚಿ, ಮೈಯ ನಡುಭಾಗಕ್ಕೆ ಎರಡೂ ಕೈಗಳ ಆಸರೆಯಿತ್ತು ಎತ್ತತಕ್ಕದ್ದು. ತಲೆಯನ್ನು ಹಿಡಿಯಬಾರದು, ಬಿಗಿಯಲೂಬಾರದು. ಕೈಯಿಂದ ಕೈಗೆ ಹರಿಯಲು ಬಿಡಬೇಕು. ಮೊದಲು ಐದು ನಿಮಿಷ ಸಾಕು. ಉಂಡ ಎರಡು ದಿನ, ಮತ್ತು ಪೊರೆ ಬಿಡುವ ಮುನ್ನ ಕಣ್ಣು ಹಾಲುಬಣ್ಣಕ್ಕೆ ತಿರುಗಿದಾಗ, ಎತ್ತಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯ. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣುವಿರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ಹುಡುಗನಿಗೆ ಒಂದು ಮಾತು ಹೇಳಿರಿ: ಹಾವು ನಾಯಿಯಂತೆ ಒಲಿಯದು, ಅಂಜಿಕೆಯನ್ನು ಬಿಡುವುದು, ಅಷ್ಟೇ. ಅದು ಹದಿನೈದು ಇಪ್ಪತ್ತು ವರ್ಷ ಬಾಳುವ ಪ್ರಾಣಿಯಾದುದರಿಂದ, ಒಂದು ತಿಂಗಳು ಗೆಳೆಯರನ್ನು ಕಾಯಿಸುವುದು ಹೆಚ್ಚೇನಲ್ಲ.

ಇದನ್ನೋದಿ ನಮ್ಮ ನಾಡಿನ ಮಕ್ಕಳು ಕೇರೆಹಾವಿನ ಮರಿಯನ್ನು ಹಿಡಿದು ತಂದಾರು! ಇಲ್ಲಿ ನಾಗರ, ಕೇರೆ, ಹೆಬ್ಬಾವುಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟಿವೆ. ಹಿಡಿಯುವುದೂ ಸಾಕುವುದೂ ಅಪರಾಧ. ಅವುಗಳನ್ನು ಹೊಲದಲ್ಲಿ ದೂರದಿಂದ ನೋಡಿ ಸಂತೋಷಪಡುವುದೇ ಯುಕ್ತವು.