ಮನೆಯೇ ಶಾಲೆಯಾದರೆ ದುಡಿಯುವವರು ಯಾರು?

ಮಕ್ಕಳನ್ನು ಆನ್‌ಲೈನ್ ಶಾಲೆಗೆ ಸೇರಿಸುವುದೋ, ಮನೆಯಲ್ಲಿ ತಾವೇ ಕಲಿಸುವುದೋ ಎಂಬ ಚರ್ಚೆ ಉಳ್ಳವರ ಮನೆಗಳಿಂದ ಈಗ ನಮ್ಮ ಪೇಟೆಗೂ ಬಂದಿದೆ. ಲೆಕ್ಕ ಹಾಕಿ ನೋಡೋಣ. ಆನ್‌ಲೈನ್ ಶಾಲೆಯಲ್ಲಿ ಪಾಠ, ವೇಳಾಪಟ್ಟಿ ಅವರದು. ಫೀಸು, ಫೋನು, ಡೇಟಾ ನಮ್ಮದು. ಮನೆಪಾಠದಲ್ಲಿ ಫೀಸಿಲ್ಲ, ಮಗುವಿನ ವೇಗಕ್ಕೆ ತಕ್ಕಂತೆ ಕಲಿಸಬಹುದು. ಆದರೆ ಒಬ್ಬರು ಕೂಲಿ ಬಿಟ್ಟು ಕೂರಬೇಕು. ಮಗು ಚಿಕ್ಕದಾದರೆ ಫೋನಿನ ಪಕ್ಕದಲ್ಲೂ ಒಬ್ಬರು ಕೂರಲೇಬೇಕು. ಗಿರಣಿಯ ಪಾಳಿಗೆ ಹೋಗುವ ತಾಯಿ, ಅಂಗಡಿ ತೆರೆಯಬೇಕಾದ ತಂದೆ ಈ ಬಿಡುವನ್ನು ಎಲ್ಲಿಂದ ತಂದಾರು?

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಇದನ್ನು ಕಂಡಿದ್ದೇವೆ. ಮೂವರು ಮಕ್ಕಳಿಗೆ ಒಂದೇ ಫೋನು. ಅದೂ ಅಪ್ಪನ ಜೇಬಿನಲ್ಲಿ ಪಾಳಿಗೆ ಹೋಗುತ್ತಿತ್ತು. ಆಗ 'ವಿದ್ಯಾಗಮ' ಯೋಜನೆಯಲ್ಲಿ ಗುಡಿಯ ಕಟ್ಟೆ, ಮರದ ನೆರಳಿಗೆ ಬಂದು ಕಲಿಸಿದವರು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ.

ಅನುಕೂಲವಿದ್ದವರು ಯಾವುದನ್ನಾದರೂ ಆರಿಸಿಕೊಳ್ಳಲಿ. ಆದರೆ ಯಾವ ಫೋನೂ ಬಿಸಿಯೂಟ ಬಡಿಸುವುದಿಲ್ಲ. ಬೇರೆ ಬೇರೆ ಕೇರಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ 2009ರ ಕಾಯಿದೆ ಕೊಟ್ಟ ಹಕ್ಕು, ಯಾರ ದಾನವೂ ಅಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ಮೇಷ್ಟ್ರಿಲ್ಲದಿದ್ದರೆ ಮೇಷ್ಟ್ರನ್ನು ಕೇಳಿ, ಸೂರು ಸೋರುತ್ತಿದ್ದರೆ ಹೆಂಚು ಕೇಳಿ. ಒಬ್ಬೊಬ್ಬರೇ ಅಲ್ಲ, ಕೇರಿಗೆ ಕೇರಿಯೇ ಹೋಗಿ ಕೇಳಿ.