‘ಬದಲಿ’ ಅನ್ನುವಷ್ಟು ಸಲೀಸಲ್ಲ

ನಿಗಡಿಯ ನಮ್ಮ ಕಟ್ಟಡದಲ್ಲಿ ಕೆಳಮನೆಯವರು ಜಮಖಂಡಿ ಕಡೆಯವರು. ಮೊನ್ನೆ ಅಲ್ಲಿನ ಅಕ್ಕಾರು ಫೋನು ಹಿಡಿದುಕೊಂಡೇ ಮೇಲೆ ಬಂದರು. “ಮೆದುಳಿನ ಸೆಲ್ ಬದಲಿ ಮಾಡ್ತಾರಂತಲ್ರೀ, ನಮ್ಮ ಮಾವಾರ ಮರೆವು ಹೋಗ್ತೈತೇನ್ರೀ?” ವಿಡಿಯೊದ ಕೊನೆಗೆ ಯಾವುದೋ ಸ್ಟೆಮ್ ಸೆಲ್ ಕ್ಲಿನಿಕ್ಕಿನ ನಂಬರಿತ್ತು.

ಸುದ್ದಿ ಪೂರ್ತಿ ಸುಳ್ಳಲ್ಲ. ಮೆದುಳಿನ ಕಾವಲು ಕಾಯುವ, ಕಸ ಗುಡಿಸುವ ಮೈಕ್ರೋಗ್ಲಿಯಾ ಎಂಬ ಕೋಶಗಳನ್ನು ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೇಗಾ 1919ರಲ್ಲೇ ಗುರುತಿಸಿದ್ದ. (ಗ್ಲಿಯಾ ಎಂದರೆ ಗ್ರೀಕಿನಲ್ಲಿ ಅಂಟು. ‘ಕಿರು ಅಂಟು’ ಎಂದು ಕನ್ನಡಿಸಿದರೆ ಯಾರಿಗೂ ಉಪಕಾರವಿಲ್ಲ, ಹಾಗೇ ಬಿಟ್ಟಿದ್ದೇನೆ.) ಇವು ಭ್ರೂಣದ ಹಂತದಲ್ಲೇ ಮೆದುಳು ಸೇರಿ ಅಲ್ಲೇ ಸಂತತಿ ಬೆಳೆಸುತ್ತವೆ. ಹೊರಗಿನ ಕೋಶಗಳಿಗೆ ಸುಲಭಕ್ಕೆ ಜಾಗ ಬಿಡುವುದಿಲ್ಲ.

ಸಿಎಸ್ಎಫ್1ಆರ್ ಎಂಬ ಜೀನ್ ಕೆಟ್ಟರೆ ಈ ಕೋಶಗಳೇ ಹದಗೆಟ್ಟು, ನಡುವಯಸ್ಸಿನಲ್ಲಿ ನಡಿಗೆ, ಬುದ್ಧಿ ಎರಡೂ ಕೈಕೊಡುವ ಅಪರೂಪದ ಕಾಯಿಲೆ ಬರುತ್ತದೆ. ಅಂಥ 8 ಮಂದಿಗೆ ಅಸ್ಥಿಮಜ್ಜೆ ಕಸಿ ಮಾಡಿ, ಎರಡು ವರ್ಷ ಕಾಯಿಲೆ ಮುಂದುವರಿಯಲಿಲ್ಲವೆಂದು ಚೀನಾದ ಸಂಶೋಧಕರು 2025ರ ಜುಲೈಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದುವರಿಯಲಿಲ್ಲ, ಅಷ್ಟೇ.

ನನ್ನ ತಕರಾರು ‘ಬದಲಿ’ ಎಂಬ ಪದದ ಮೇಲೆ. ಬಲ್ಬ್ ಬದಲಿಸಿದ ಹಾಗೆ ಕೇಳಿಸುತ್ತದೆ. ಆಸ್ಪತ್ರೆಯ ಒಪ್ಪಿಗೆ ಪತ್ರಗಳನ್ನು ಅನುವಾದಿಸಿ ಹೊಟ್ಟೆ ಹೊರೆಯುವ ನನಗೆ ಗೊತ್ತು, ಕಸಿಗೆ ಮೊದಲು ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು. ಆ ದಿನಗಳಲ್ಲಿ ಸಣ್ಣ ಸೋಂಕೂ ಜೀವ ತೆಗೆಯಬಹುದು. ಇನ್ನೊಬ್ಬರ ಮಜ್ಜೆಯಾದರೆ ಅದು ರೋಗಿಯ ಮೈಮೇಲೇ ತಿರುಗಿಬೀಳಬಹುದು. ಎಂಬತ್ತು ದಾಟಿದ ಮಾವನವರ ಆಲ್ಜೈಮರ್ಸ್‌ಗೆ ಇಂಥ ಸಾಬೀತಾದ ಚಿಕಿತ್ಸೆ ಇಲ್ಲವೇ ಇಲ್ಲ. ರಕ್ತದ ಕಾಯಿಲೆಗಳಂಥ ಒಪ್ಪಿತ ಕಸಿಗಳನ್ನು ಬಿಟ್ಟು ಸ್ಟೆಮ್ ಸೆಲ್ಲನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ, ಪ್ರಯೋಗದೊಳಗೆ ಮಾತ್ರ ಕೊಡಬಹುದು ಎಂದು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ.

ಹಾಗಾದರೆ ಆಸೆ ಎಲ್ಲಿದೆ? ಮಕ್ಕಳಲ್ಲಿ. ಗಂಡುಹುಡುಗರನ್ನು ಕಾಡುವ ಅಡ್ರಿನೋಲ್ಯೂಕೋಡಿಸ್ಟ್ರೋಫಿಗೆ ಮಜ್ಜೆ ಕಸಿ ಹಳೆಯ ಚಿಕಿತ್ಸೆ. ನಮ್ಮ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಅದಿದೆ, ನೆರವಿನ ಮಿತಿ 50 ಲಕ್ಷ ರೂಪಾಯಿ. ಆದರೆ ಕಾಯಿಲೆ ಎಳಸಾಗಿರುವಾಗಲೇ ಆಗಬೇಕು. ಮೊದಲ ಲಕ್ಷಣವೋ, ಓದಿನಲ್ಲಿ ಹಿಂದೆ ಬೀಳುವುದು. ಮಾಸ್ತರು ‘ಗಮನವಿಲ್ಲ’ ಎನ್ನುತ್ತಾರೆ, ಅಪ್ಪ ಎರಡೇಟು ಹಾಕುತ್ತಾನೆ, ವರ್ಷ ಕಳೆದುಹೋಗುತ್ತದೆ. ಅಮೆರಿಕದಲ್ಲಿ 2016ರಿಂದ ಇದು ನವಜಾತ ಶಿಶುಗಳ ತಪಾಸಣೆಯ ಶಿಫಾರಸು ಪಟ್ಟಿಯಲ್ಲಿದೆ. ಹಿಮ್ಮಡಿಯ ಒಂದು ಹನಿ ರಕ್ತ ಸಾಕು. ನನ್ನನ್ನು ಕೇಳಿದರೆ, ಸರ್ಕಾರದ ಮೊದಲ ರೂಪಾಯಿ ಆ ಹನಿಗೆ ಹೋಗಲಿ. ಒಬ್ಬ ಹುಡುಗನಿಗೆ ಕಾಯಿಲೆ ಗೊತ್ತಾದ ದಿನವೇ ಅವನ ತಮ್ಮನ, ಚಿಕ್ಕಮ್ಮನ ಮಗನ ರಕ್ತವನ್ನೂ ನೋಡಲಿ. ತಾಯಿಯ ಕಡೆಯಿಂದ ಬರುವ ಕಾಯಿಲೆಗೆ ಅಷ್ಟು ಸುಳಿವು ಸಾಕು.

ಇದನ್ನೆಲ್ಲ ಅಕ್ಕಾರಿಗೆ ಹೇಳಿದೆ. ಚಹಾ ಆರುವವರೆಗೂ ಕೇಳಿದರು. ಆ ನಂಬರನ್ನು ಮಾತ್ರ ಅಳಿಸಲಿಲ್ಲ.